ಗಾಡಿ ನಾರಿದ ಮಳೆಗಾಲ

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ದಿನಗಳಲ್ಲಿ, ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಯ ಮಕ್ಕಳಿಗೆ ಐಸ್‌ಪೈಸ್ ಆಡುವಾಗ ಅಡಗಿಕೊಳ್ಳಲು ನಮ್ಮ ಗಾಡಿಗಿಂತ ಒಳ್ಳೆಯ ಜಾಗ ಇರಲಿಲ್ಲ. ಅಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ ಎತ್ತರದ, ಚೌಕ ಮೂತಿಯ ಹಳೇ ಎಸ್‌ಯುವಿ ಅದು. ಹಿಂದಿನ ಸೀಟಿನ ಕೆಳಗೆ ಮೂವರು ಮಕ್ಕಳು ಉಸಿರು ಬಿಗಿಹಿಡಿದು ಮಲಗಬಹುದಿತ್ತು. ಭಾನುವಾರ ಅದರಲ್ಲೇ ಭದ್ರಾವತಿಗೆ, ಅಮ್ಮನ ತವರಿಗೆ ಸವಾರಿ. ವಾಪಸು ಬರುವಾಗ ಮಡಿಲಲ್ಲಿ ಮಂಡಕ್ಕಿ ಪೊಟ್ಟಣ, ಕೈಯಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ. ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಆ ಗಾಡಿ ನಾರತೊಡಗಿತು.

ಮೊದಮೊದಲು ಒದ್ದೆ ಚೀಲದ ಮುಗ್ಗಲು. ಆಮೇಲೆ ಹುಳಿ ಬಂದ ಮಜ್ಜಿಗೆಯಂಥದ್ದು. ಶ್ರಾವಣದ ಹೊತ್ತಿಗೆ ಬಾಗಿಲು ತೆಗೆದರೆ ಸಾಕು, ಏನೋ ಸತ್ತು ಊದಿಕೊಂಡಂಥ ನಾತ ಮುಖಕ್ಕೆ ರಾಚುತ್ತಿತ್ತು. ನನ್ನ ಗೆಳತಿಯರು ಅಡಗುವುದಕ್ಕೆ ಬೇರೆ ಜಾಗ ನೋಡಿಕೊಂಡರು. ಗಾಡಿಯಿಂದ ಇಳಿದು ಶಾಲೆಗೆ ಹೋದರೆ ನನ್ನ ಯೂನಿಫಾರ್ಮಿಗೂ ಆ ವಾಸನೆ ಅಂಟಿರುತ್ತಿತ್ತು. ಅಪ್ಪ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವನು. ಅವನು ಕನ್ನಡಿಗೆ ಒಂದು ಸುಗಂಧದ ಶೀಶೆ ನೇತುಹಾಕಿದ. ಕೊಳೆತದ್ದರ ಮೇಲೆ ಮಲ್ಲಿಗೆ ಸುರಿದ ಹಾಗಾಯಿತು. ನನಗೆ ಇನ್ನಷ್ಟು ಓಕರಿಕೆ.

ಆದರೆ ಅಜ್ಜಿ, ಅಂದರೆ ಅಪ್ಪನ ಅಮ್ಮ, ಮೊದಲ ದಿನವೇ ಕಾರಣ ಕಂಡುಹಿಡಿದಿದ್ದಳು. "ಅದು ಒಣಮೀನಿನ ನಾತ. ಇನ್ನೆಂತ ಅಲ್ಲ."

ಅಪ್ಪನ ಮನೆಯಲ್ಲಿ ಮೀನಿನ ಹೆಸರೂ ಎತ್ತುವಂತಿರಲಿಲ್ಲ. ಅಮ್ಮನ ಕಡೆಯವರು ತಮಿಳರು. ಅಮ್ಮನ ಅಪ್ಪ, ನನ್ನ ತಾತ, ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು. ಅಲ್ಲಿ ಊಟಕ್ಕೆ ಒಣಮೀನು ಇದ್ದೇ ಇರುತ್ತಿತ್ತು. ನಾವು ಅಲ್ಲಿ ಉಂಡು ಬರುತ್ತಿದ್ದೆವು ನಿಜ; ಆದರೆ ಅಮ್ಮ ಒಂದು ದಿನವೂ ಅದರ ಒಂದು ಚೂರನ್ನೂ ಗಾಡಿಗೆ ತಂದವಳಲ್ಲ. ಹಾಗೆಂದು ಹೇಳಿದರೆ ಅಜ್ಜಿ ಕೇಳುವವಳೂ ಅಲ್ಲ.

ಒಂದು ಭಾನುವಾರ ಭದ್ರಾವತಿಯಲ್ಲಿ ಅಜ್ಜಿಯ ತಂಗಿಯ ಮಗಳ ಸೀಮಂತವಿತ್ತು. ಮುಗಿಸಿಕೊಂಡು ಬರುವಾಗ ತಾತನನ್ನೂ ಹತ್ತಿಸಿಕೊಂಡೆವು. ಮರುದಿನ ಅವನಿಗೆ ಶಿವಮೊಗ್ಗದಲ್ಲಿ ಕಣ್ಣು ತೋರಿಸುವುದಿತ್ತು. ಮುಂದೆ ಅಪ್ಪನ ಪಕ್ಕ ಅಜ್ಜಿ, ಹಿಂದೆ ಅಮ್ಮ, ನಾನು, ತಾತ. ಅವನ ಕಾಲ ಬಳಿ ಒಂದು ಬಟ್ಟೆ ಚೀಲ. ಹೊರಗೆ ಮಳೆ, ಆದ್ದರಿಂದ ಗಾಜೆಲ್ಲ ಮುಚ್ಚಿತ್ತು. ಅಪ್ಪ ಏಸಿ ಹಾಕಿದ್ದೇ ತಡ, ಆ ನಾತ ಗಾಡಿಯ ತುಂಬ ಸುತ್ತತೊಡಗಿತು.

ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, "ಮಂಜು, ನಿಲ್ಸೋ. ನಂಗೆ ತಡ್ಯಕ್ಕೆ ಆಗಲ್ಲ," ಎಂದಳು. ಅಪ್ಪ ನಿದಿಗೆಯ ಬಸ್‌ಸ್ಟಾಪಿನ ಹತ್ತಿರ ನಿಲ್ಲಿಸಿದ.

ಅಜ್ಜಿ ಹಿಂದಕ್ಕೆ ತಿರುಗಿದಳು. "ಬೀಗರೇ, ತಪ್ಪು ತಿಳ್ಕೋಬೇಡಿ. ಆ ಚೀಲ ಮೇಲಿನ ಕ್ಯಾರಿಯರ್‌ಗೆ ಹಾಕಿಬಿಡಿ."

ಚೀಲದಲ್ಲಿ ಏನಿತ್ತು ಎಂದು ನನಗೆ ಗೊತ್ತಿತ್ತು. ಹತ್ತುವಾಗಲೇ ಕೈ ಹಾಕಿ ನೋಡಿದ್ದೆ. ಒಂದು ಪಂಚೆ, ಒಂದು ಟವೆಲ್, ನನಗೆಂದು ಮುರುಕಿನ ಡಬ್ಬಿ. "ಅಜ್ಜಿ, ಅದ್ರಲ್ಲಿ ಮುರುಕು ಇರೋದು!" ಎಂದು ಕೂಗಿದೆ.

"ನೀನು ಸುಮ್ನಿರು. ದೊಡ್ಡೋರ ಮಧ್ಯ ಮಾತಾಡ್ಬೇಡ."

ತಾತ ಚೀಲ ತೆರೆದು ತೋರಿಸಲಿಲ್ಲ. ಮುರುಕಿನ ಡಬ್ಬಿ ಮಾತ್ರ ತೆಗೆದು ನನ್ನ ಕೈಗಿಟ್ಟ. "ತಿನ್ನು ಕಣ್ಣು," ಎಂದ; ಮುದ್ದು ಬಂದಾಗ ಅವನು ನನ್ನನ್ನು ತಮಿಳಿನಲ್ಲಿ ಹಾಗೆ ಕರೆಯುತ್ತಿದ್ದ. ಆಮೇಲೆ ಬಾಗಿಲು ತೆಗೆದು, ಅಳಿಯನ ಕಡೆ ತಿರುಗಿ, "ಮಾಪ್ಳೆ, ನಾನು ಬಸ್ಸಲ್ಲಿ ಬರ್ತೀನಿ. ನೀವು ಹೊರಡಿ, ಅಮ್ಮಾವ್ರಿಗೆ ತೊಂದ್ರೆ ಬೇಡ," ಎಂದು ಮಳೆಯಲ್ಲಿ ಇಳಿದ. ಅಪ್ಪ, "ಮಾವ, ಮಾವ" ಎಂದನೇ ಹೊರತು ಸ್ಟೇರಿಂಗ್ ಬಿಟ್ಟು ಏಳಲಿಲ್ಲ. ಅಮ್ಮ ಎದ್ದಳು. ಕೆಳಗಿಳಿದು ನಿಂತು, "ಈ ನಾತ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗೋವರೆಗೂ ನಾನು ಈ ಗಾಡಿ ಹತ್ತಲ್ಲ ಕಣ್ರೀ," ಎಂದು ಬಾಗಿಲು ಹಾಕಿದಳು.

ಮನೆವರೆಗೆ ಗಾಡಿಯಲ್ಲಿ ಉಳಿದವರು ನಾವು ಮೂವರು. ತಾತ ಇಳಿದ ಮೇಲೂ ನಾತ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅಜ್ಜಿ ಮೂಗಿನಿಂದ ಸೆರಗು ತೆಗೆದು, "ಈಗ ವಾಸಿ," ಎಂದಳು. ಆ ಮಾತು ಕೇಳಿ ಬಂದ ಹೇಸಿಗೆ, ಗಾಡಿಯ ವಾಸನೆಗೂ ಬಂದಿರಲಿಲ್ಲ.

ಅಮ್ಮ ಮಾತಿಗೆ ತಕ್ಕಂತೆ ನಡೆದಳು. ಸಿಟಿ ಬಸ್ಸಿನಲ್ಲಿ ಓಡಾಡಿದಳು. ತಾತನ ಕಣ್ಣು ತೋರಿಸಿ ಅವನನ್ನು ಬಸ್ಸಿನಲ್ಲೇ ಭದ್ರಾವತಿಗೆ ಬಿಟ್ಟು ಬಂದಳು. ಅಪ್ಪನ ಜೊತೆ ಬೇಕಾದಷ್ಟೇ ಮಾತು. ಕೊನೆಗೆ ಮುಂದಿನ ಭಾನುವಾರ ಮಳೆ ಬಿಡುವು ಕೊಟ್ಟಾಗ ಅಪ್ಪ ಸ್ಪ್ಯಾನರ್ ಹಿಡಿದು ಅಂಗಳಕ್ಕೆ ಇಳಿದ.

ಮೊದಲು ಕಾಲೊರೆಸುವ ಮ್ಯಾಟ್ ಎತ್ತಿದೆವು. ಅಡಿಯಲ್ಲಿ ಕಾರ್ಪೆಟ್ಟಿನ ಮೇಲೆ ಬಿಳಿ ಅಣಬೆಗಳು ಎದ್ದಿದ್ದವು, ಬೆರಳುಗುರಿನಷ್ಟು. ಸೀಟು ಬಿಚ್ಚಿ ಕಾರ್ಪೆಟ್ ಎಳೆದರೆ ಅದರ ಕೆಳಗಿನ ದಪ್ಪ ಸ್ಪಂಜು ನೀರು ಕುಡಿದು ಬಸಿಯುತ್ತಿತ್ತು. ಅಮ್ಮ ಅಂಗೈಯಿಂದ ಒತ್ತಿದಳು. ಚರಂಡಿಯದೇ ಬಣ್ಣದ ನೀರು ಬೆರಳ ಸಂದಿಯಿಂದ ಉಕ್ಕಿತು. ಅದರಲ್ಲಿ ಸಣ್ಣ ಹುಳುಗಳು ಮಿಸುಕಾಡುತ್ತಿದ್ದವು. ನಾವು ಮಂಡಕ್ಕಿ ತಿನ್ನುತ್ತಾ ಕಾಲು ಇಟ್ಟುಕೊಂಡು ಕೂತಿದ್ದ ಜಾಗ ಅದು! ನಾನು ದಾಸವಾಳದ ಗಿಡದ ಬುಡಕ್ಕೆ ಓಡಿ ವಾಂತಿ ಮಾಡಿದೆ.

"ಮೀನು ಎಲ್ಲಿದೆ ಹುಡುಕಿ ನೋಡ್ರೀ," ಎಂದಳು ಅಮ್ಮ. ಅಪ್ಪ ಸ್ಪಂಜನ್ನು ಸುತ್ತಿ ಹೊರಗೆಳೆದ.

ಒಳಗೆ ಮಳೆನೀರು ಬರುತ್ತಿದೆ ಎನ್ನುವುದು ಖಾತ್ರಿಯಾಯಿತು. ಎಲ್ಲಿಂದ? ಅಪ್ಪ ಬಾಗಿಲಿನ ರಬ್ಬರ್ ಎಂದ. ಅಮ್ಮ ಪೈಪಿನಿಂದ ಬಾಗಿಲುಗಳ ಮೇಲೆ ನೀರು ಬಿಟ್ಟಳು. ಒಳಗೆ ಒಂದು ಹನಿ ಇಲ್ಲ. ಅಪ್ಪ ಕ್ಯಾರಿಯರ್ ಬೋಲ್ಟ್ ಎಂದ. ಮಾಡಿನ ಮೇಲೆ ನೀರು ಬಿಟ್ಟರೂ ಒಳಗೆ ಒಣ. "ಮುಂದಿನ ಗಾಜಿಗೆ ಬಿಡ್ತೀನಿ, ಯಾರಾದ್ರೂ ಡ್ಯಾಶ್‌ಬೋರ್ಡ್ ಕೆಳಗೆ ನೋಡ್ಬೇಕು," ಎಂದಳು ಅಮ್ಮ. ಆ ಸಂದಿಗೆ ಹಿಡಿಸುವ ತಲೆ ನನ್ನದೊಂದೇ. ಅಜ್ಜಿ ಕಾಲಿಡುತ್ತಿದ್ದ ಜಾಗದಲ್ಲಿ ಅಂಗಾತ ಮಲಗಿ, ಟಾರ್ಚ್ ಹಿಡಿದು ಮೇಲಕ್ಕೆ ನೋಡಿದೆ. ವೈರುಗಳು, ಧೂಳು, ಏಸಿಯ ಗಾಳಿ ದೂಡುವ ಫ್ಯಾನಿನ ಪೆಟ್ಟಿಗೆ. ಹೊರಗೆ ಗಾಜಿನ ಮೇಲೆ ನೀರು ಬೀಳುವ ಸದ್ದು.

"ಬಂತಾ?" ಅಮ್ಮ ಕೂಗಿದಳು.

"ಇಲ್ಲ," ಎನ್ನಲು ಬಾಯಿ ತೆರೆದೆ. ಆ ಪೆಟ್ಟಿಗೆಯ ಅಂಚಿನಿಂದ ಕಪ್ಪು ನೀರು ದಳದಳ ಸುರಿದು ಮೂಗು, ಕಣ್ಣು, ಬಾಯಿ ಎಲ್ಲ ಸೇರಿತು. ಲೋಳೆಯ ಹಾಗೆ ತಣ್ಣಗಿತ್ತು. ನಾನು ಕಿರುಚಿದ್ದು ಎದುರು ಮನೆಯವರಿಗೂ ಕೇಳಿಸಿತು. ಬಾಯಿ ಎಷ್ಟು ಮುಕ್ಕಳಿಸಿದರೂ ಆ ರುಚಿ ಹೋಗಲಿಲ್ಲ. ಮೂರು ದಿನ ಸಾರು ಕಂಡರೆ ಆಗುತ್ತಿರಲಿಲ್ಲ.

ಅಪ್ಪ ಬಾನೆಟ್ ಎತ್ತಿ, ವೈಪರ್ ಬಿಚ್ಚಿ, ಗಾಜಿನ ಬುಡದಲ್ಲಿದ್ದ ಕರಿ ಪ್ಲಾಸ್ಟಿಕ್ ಜಾಲರಿ ತೆಗೆದ. ಗಾಜಿನ ಮೇಲಿಂದ ಇಳಿದ ನೀರು ಆ ಜಾಲರಿಯ ಕೆಳಗಿನ ತೊಟ್ಟಿಗೆ ಬಿದ್ದು, ಎರಡು ಪಕ್ಕದ ತೂತುಗಳಿಂದ ನೆಲಕ್ಕೆ ಹೋಗಬೇಕು. ತೂತು ಕಾಣಿಸಲೇ ಇಲ್ಲ. ತೊಟ್ಟಿಯ ತುಂಬ ರಾಗಿಮುದ್ದೆಯಂತೆ ಗಟ್ಟಿಯಾದ ಕಪ್ಪು ರಾಡಿ. ಅದು ಕಟ್ಟಿಕೊಂಡು ನೀರು ಒಳಗಿನ ಫ್ಯಾನಿನ ದಾರಿ ಹಿಡಿದಿತ್ತು.

ಅಮ್ಮ ಬರಿಗೈ ಹಾಕಿ ಒಂದು ಹಿಡಿ ತೆಗೆದಳು. ಬಕೆಟ್ಟಿಗೆ ಹಾಕಿ ನೀರು ಹುಯ್ದಳು. ಕೊಳೆತ ಸೇವಂತಿಗೆ ಎಸಳು, ದಾಸವಾಳದ ತೊಟ್ಟು, ಹೂವಿನ ದಾರ, ಕುಂಕುಮದ ಕೆಂಪು, ನಡುವೆ ಬಾಲವಿಲ್ಲದ ಒಂದು ಸತ್ತ ಹಲ್ಲಿ. ಪ್ರತಿದಿನ ಪೂಜೆ ಮುಗಿಸಿ ಗಾಡಿಯ ಗಾಜಿನ ಬುಡಕ್ಕೆ ಹೂವು ಏರಿಸುತ್ತಿದ್ದವಳು ಅಜ್ಜಿ. ಏರಿಸಿದ್ದು ವೈಪರ್ ಆಡಿದಾಗಲೆಲ್ಲ ಜಾಲರಿಯೊಳಗೆ ಇಳಿದು ಕೊಳೆತಿತ್ತು.

ಅಜ್ಜಿ ಜಗಲಿಯ ಮೇಲೆ ನಿಂತು ನೋಡುತ್ತಿದ್ದಳು. ಅಪ್ಪ ಬಕೆಟ್ ಎತ್ತಿಕೊಂಡು ಹೋಗಿ ಅವಳ ಮುಂದಿಟ್ಟ. "ಅಮ್ಮ, ಮೂಸಿ ನೋಡು."

"ದೇವ್ರಿಗೆ ಏರ್ಸಿದ ಹೂವು ಹಂಗೆಲ್ಲ ನಾರಲ್ಲ ಕಣೋ," ಎಂದಳು ಅಜ್ಜಿ.

"ನಾರ್ತಾ ಇದೆಯಲ್ಲಮ್ಮ."

"ಮೀನಿಂದೂ ಸೇರಿರ್ಬೋದು."

ಅಪ್ಪ ಮೊದಲ ಸಲ ಅವಳ ಮೇಲೆ ಕೂಗಾಡಿದ. ಏನೆಂದನೋ ನೆನಪಿಲ್ಲ. ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮ ಮಾತ್ರ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಲೇ ಇದ್ದಳು.

ಹಳೆ ಸ್ಪಂಜು ಎಸೆದು, ತೂತು ಬಿಡಿಸಿ, ಗಾಡಿ ಒಣಗಿಸಿದ್ದಾಯಿತು. ಅಮ್ಮ ಮತ್ತೆ ಹತ್ತಿದಳು. ತಾತನನ್ನು ಕರೆತರಲು ನಾವು ಭದ್ರಾವತಿಗೆ ಹೋದೆವು. ತಾತನ ಮನೆಯ ಬಾಗಿಲಲ್ಲಿ ಅಪ್ಪ ನಡೆದದ್ದೆಲ್ಲ ಹೇಳಿ, "ತಪ್ಪಾಯ್ತು ಮಾವ. ಅವತ್ತು ನಾನು ಇಳೀಬೇಕಿತ್ತು," ಎಂದ.

"ಅಯ್ಯೋ ಬಿಡಿ ಮಾಪ್ಳೆ. ನನ್ನ ಚೀಲದಲ್ಲಿ ಏನಿದೆ ಅಂತ ನನಗೆ ಗೊತ್ತಿರ್ಲಿಲ್ವಾ?" ತಾತ ನಕ್ಕ. ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಆದ್ರೂ ನೋಡಿ, ಬಸ್ಸಲ್ಲಿ ಕೂತ್ಕೊಂಡು ನನ್ನ ಅಂಗಿ ನಾನೇ ಮೂಸಿ ನೋಡ್ಕೊಂಡೆ," ಎಂದ.

ಆಮೇಲೂ ತಾತ ನಮ್ಮ ಮನೆಗೆ ಬರುತ್ತಿದ್ದ, ನಮ್ಮ ಗಾಡಿಯಲ್ಲೇ ಬರುತ್ತಿದ್ದ. ಆದರೆ ಹೊರಡುವ ಮುಂಚೆ ಎರಡನೇ ಸಲ ಸ್ನಾನ, ಇಸ್ತ್ರಿ ಅಂಗಿ, ಕುತ್ತಿಗೆಗೆಲ್ಲ ಪೌಡರ್. ಆ ಮಳೆಗಾಲಕ್ಕೆ ಮೊದಲು ಅವನು ನನ್ನನ್ನು ಎತ್ತಿಕೊಂಡರೆ ಕೊಬ್ಬರಿ ಎಣ್ಣೆ, ಬೀಡಿ, ಒಣಮೀನು ಎಲ್ಲ ಸೇರಿದ ಒಂದು ವಾಸನೆ ಬರುತ್ತಿತ್ತು. ನಾನು ಅವನ ಕುತ್ತಿಗೆಗೆ ಮೂಗು ಒತ್ತಿ ಮಲಗಿಬಿಡುತ್ತಿದ್ದೆ. ಈಗ ಅವನಿಲ್ಲ, ಅಜ್ಜಿಯೂ ಇಲ್ಲ, ಗಾಡಿ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಆ ಕಪ್ಪು ನೀರಿನ ನಾತವನ್ನು ಇಂದು ಕಣ್ಣು ಮುಚ್ಚಿದರೂ ಗುರುತು ಹಿಡಿಯುತ್ತೇನೆ. ತಾತನನ್ನು ನೆನೆದರೆ ಮಾತ್ರ ಮೂಗಿಗೆ ಬರುವುದು ಬರೀ ಪೌಡರ್.