ಕಲ್ಲಿಗೆ ಹೊದಿಸಿದ ಕಂಬಳಿ

ಆಗ ನಮ್ಮೂರು ಆದಿವಾಲದಲ್ಲಿ ನಮ್ಮಂಥ ಮಕ್ಕಳಿಗೆ ತಣ್ಣಗಿನದು ಎಂದರೆ ಐಸ್‌ಕ್ಯಾಂಡಿ ಒಂದೇ. ಶಾಲೆಯಲ್ಲಿ ಮೇಷ್ಟ್ರು ಜಪಾನಿನ ಜನಪದ ಕತೆ ಹೇಳುತ್ತಾ, "ಅಲ್ಲಿ ಆಕಾಶದಿಂದ ಹಿಮ ಬೀಳ್ತದೆ" ಎಂದಾಗ, ಕೆಂಪು ಐಸ್‌ಕ್ಯಾಂಡಿ ಪುಡಿಪುಡಿಯಾಗಿ ಉದುರುವುದೇ ನನ್ನ ಕಣ್ಣಿಗೆ ಕಟ್ಟಿತು.

ಕತೆ ಇಷ್ಟು. ಒಬ್ಬ ಬಡ ಮುದುಕ ಹುಲ್ಲಿನ ಟೋಪಿ ಹೆಣೆದು ಸಂತೆಗೆ ಒಯ್ಯುತ್ತಾನೆ. ಒಂದೂ ಮಾರಾಟವಾಗುವುದಿಲ್ಲ. ಬರುವಾಗ ದಾರಿಯಲ್ಲಿ ಕಲ್ಲುದೇವರುಗಳು ಹಿಮದಲ್ಲಿ ನೆನೆಯುತ್ತಿರುತ್ತವೆ. ಟೋಪಿಗಳನ್ನೆಲ್ಲ ಅವುಗಳ ತಲೆಗಿಟ್ಟು ಬರಿಗೈಲಿ ಮನೆ ಸೇರುತ್ತಾನೆ. ರಾತ್ರಿ ಆ ದೇವರುಗಳೇ ಬಂದು ಬಾಗಿಲಲ್ಲಿ ಅಕ್ಕಿಮೂಟೆ ಇಳಿಸಿ ಹೋಗುತ್ತವೆ.

ಸಂಜೆ ಅವರೆಕಾಯಿ ಸುಲಿಯುತ್ತಾ ಅಜ್ಜಿಗೆ ಹೇಳಿದೆ. ಹುಲ್ಲಿನ ಟೋಪಿ ಅವಳು ಕಂಡವಳಲ್ಲ. ಅದಕ್ಕೆ ಕಂಬಳಿ ಕೊಪ್ಪೆ ಎಂದೆ. ಮಳೆಗೆ, ಚಳಿಗೆ ನಮ್ಮ ಕಡೆ ಕಂಬಳಿ ಮಡಚಿ ತಲೆ ಮೇಲಿಂದ ಇಳಿಬಿಟ್ಟುಕೊಳ್ಳುತ್ತಿದ್ದರಲ್ಲ, ಅದು.

"ಜಪಾನು ಹಿರಿಯೂರಿಂದ ಅತ್ಲಾಗೈತಾ?"

"ಬಾಳ ಅತ್ಲಾಗೆ."

"ಎಲ್ಲಾರ ಇರ್ಲಿ. ಆ ಮುದುಕ ಒಳ್ಳೇನು ಕಣೆ."

ಮಾರನೆಯ ಬೆಳಗ್ಗೆ ನೋಡಿದರೆ ನಮ್ಮ ಹೊಲದ ಬದುವಿನ ವೀರಗಲ್ಲು ಕೊಪ್ಪೆ ಹಾಕಿಕೊಂಡು ನಿಂತಿತ್ತು! ನೇಯ್ದವರು ಹಾಕಿದ ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಹೋಗಿರದ ಹೊಸದು, ಅಜ್ಜಿಗಿದ್ದ ಒಂದೇ ಕಂಬಳಿ. ಅಪ್ಪ ತರಲು ಹೊರಟ.

"ಅವ್ವಾ, ಮೊದ್ಲೇ ಕೆಮ್ಮು ನಿಂಗೆ. ಏನ್ ಹೊದ್ಕಂತೀಯ?"

"ಕೊಟ್ಟಿದ್ದು ಕೊಟ್ಟಾಯ್ತು. ಮುಟ್ಟಬ್ಯಾಡ."

ಹಳೆ ಸೀರೆ ಹೊದ್ದು ಅಜ್ಜಿ ಕೆಮ್ಮುತ್ತಿದ್ದರೆ ನನಗೆ ದಿಗಿಲು. ಕತೆ ಸುಳ್ಳೋ? ಟೋಪಿಯನ್ನು ಕಂಬಳಿ ಮಾಡಿದ್ದಕ್ಕೆ ಕೆಟ್ಟಿತೋ? ದಿನಾ ಎದ್ದು ಬಾಗಿಲು ನೋಡುತ್ತಿದ್ದೆ. ಮೂಟೆ ಬರಲಿಲ್ಲ.

ಒಂದು ಬೆಳಗ್ಗೆ ಕಲ್ಲೂ ಬೋಳಾಗಿತ್ತು. ನಮ್ಮ ಹೊಲದ ತುಂಬ ಕುರಿಮಂದೆ. ಕುರಿಯವನು ಅದೇ ಕಂಬಳಿ ಹೊದ್ದು ಕುಳಿತಿದ್ದ. ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವವರು ಕುರಿಯವನಿಗೆ ರಾಗಿ ಕೊಡಬೇಕಿತ್ತು. ನಮ್ಮಲ್ಲಿ ಕೊಡಲು ರಾಗಿ ಎಲ್ಲಿತ್ತು? ನಾವು ಕರೆದೇ ಇರಲಿಲ್ಲ.

"ಏನಪ್ಪಾ, ಆ ಕಂಬಳಿ..." ಎಂದ ಅಪ್ಪ.

"ಈ ಕಲ್ಲು ಕೊಡ್ತು ಕಣಣ್ಣ. ಚಳೀಗೆ ಹಲ್ಲು ಕಟಕಟ ಅಂತಿದ್ವು. ಹೊದ್ಕಂಡು ಇಲ್ಲೇ ಕುಂತೆ, ಕುರಿನೂ ಇಲ್ಲೇ ಕುಂತ್ವು."

ಅಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ, "ಹೊದ್ಕಳಪ್ಪ, ಅದು ನಮ್ದಲ್ಲ, ಕಲ್ಲಿಂದು" ಎಂದಳು.

ನನಗೆ ಅಳು ಬಂತು. "ಅಜ್ಜೀ, ಅಕ್ಕಿ ಎಲ್ಲಿ?"

ಹೊಲದ ತುಂಬ ಬಿದ್ದ ಕುರಿಹಿಕ್ಕೆ ತೋರಿಸಿದಳು. "ಬಂದೈತಲ್ಲೇ, ನೋಡು!"

ಮೇಷ್ಟ್ರಿಗೆ ಹೇಳಿದರೆ, "ಕತೇಲಿ ಕುರಿ ಎಲ್ಲೈತೆ?" ಎಂದು ನಕ್ಕರು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಕತೆ ನಿಜವಾಯಿತೋ ಸುಳ್ಳಾಯಿತೋ ಎಂಬುದನ್ನು ಆ ಓದೂ ಬಗೆಹರಿಸಲಿಲ್ಲ. ಈಗ ಮಗಳಿಗೆ ಅದೇ ಕತೆ ಹೇಳುತ್ತೇನೆ, ಜೊತೆಗೆ ಅಜ್ಜಿಯ ಕಂಬಳಿಯದನ್ನೂ. ಹಿಮ ಅವಳಿಗೆ ಗೊತ್ತು, ಟಿವಿಯಲ್ಲಿ ಕಂಡಿದ್ದಾಳೆ. ಕೊಪ್ಪೆ ಗೊತ್ತಿಲ್ಲ, ಹೊಲದಲ್ಲಿ ತಂಗುವ ಮಂದೆ ಗೊತ್ತಿಲ್ಲ.

"ನಿನ್ನಜ್ಜಿ ಹತ್ರ ದೇವರು ಬಂದ್ರಾ ಅಮ್ಮಾ?" ಎನ್ನುತ್ತಾಳೆ.

ಅಜ್ಜಿ ಆ ಚಳಿಗಾಲ ಪೂರ್ತಿ ಕೆಮ್ಮಿದಳು. ಮುಂದಿನ ಮಳೆಗೆ ಆ ಹೊಲದ ರಾಗಿ ಸೊಂಟದ ಮಟ್ಟ ಬಂತು. ಎರಡೂ ನಾನು ಕಂಡದ್ದೇ. ಬಂದರು ಎನ್ನಲೋ, ಇಲ್ಲ ಎನ್ನಲೋ, ಇವತ್ತಿಗೂ ತೋಚುವುದಿಲ್ಲ. ಕೇಳೋಣವೆಂದರೆ ಅಜ್ಜಿ ಇಲ್ಲ.