ರುಚಿ ನೋಡದ ಭಜ್ಜಿ

“ಆ ವರ್ಷ ಎಳ್ಳ ಅಮಾಸಿಗಿ ಅವರ ಮೊಮ್ಮಗಳು ಗೆಳತ್ಯಾರ ಕೂಡ ರಜಾ ಅಂತ ಆರಾಮ ಮಲಗಿದ್ಳು. ಭಜ್ಜಿ ಖಾನಾವಳಿಯಿಂದ ಬಂದಿತ್ತು. ಅದಕ್ಕೇ ಅಷ್ಟು ರುಚಿ ಇತ್ತು.”

ಕಲಬುರಗಿಯ ನಮ್ಮ ಓಣಿಯಲ್ಲಿ ಈ ಮಾತು ಇಂದಿಗೂ ನಡೆಯುತ್ತದೆ. ಹೇಳುವವರಲ್ಲಿ ಒಬ್ಬರೂ ಅಂದು ಕಮಲಾಪುರದ ನಮ್ಮ ಹೊಲಕ್ಕೆ ಬಂದಿರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಉಳಿದದ್ದನ್ನು ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ಓದಿಕೊಂಡವನು ನಾನು. ಯಾವ ಸಂಗತಿಯನ್ನು ಕೇಳಿದರೂ ಕಂಡವರು ಯಾರು ಎಂದು ವಿಚಾರಿಸದೆ ಬಿಡಲಾರೆ. ಈ ಸಂಗತಿಯನ್ನು ಕಂಡವನು ನಾನೇ.

ಆ ಚಳಿಗಾಲ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಳು. ಎಳ್ಳ ಅಮಾವಾಸ್ಯೆಯ ದಿನ ಸೊಪ್ಪು, ತರಕಾರಿ, ಹಸಿಕಾಳುಗಳನ್ನೆಲ್ಲ ಕೂಡಿಸಿ ಕುದಿಸುವ ಭಜ್ಜಿಯನ್ನು ಸಜ್ಜೆಯ ರೊಟ್ಟಿಯೊಂದಿಗೆ ಹೊಲಕ್ಕೆ ಒಯ್ದು, ಭೂಮಿತಾಯಿಯ ಎಡೆಯೆಂದು ಅದರಲ್ಲಿ ಒಂದಿಷ್ಟನ್ನು ಬೆಳೆಗೆ ಚರಗ ಚೆಲ್ಲಿ, ಅಲ್ಲಿಯೇ ಉಣ್ಣುವುದು ನಮ್ಮ ಪದ್ಧತಿ. ಮದುವೆಯಾಗಿ ಬಂದಂದಿನಿಂದ ಅವಳು ಅದನ್ನು ತಪ್ಪಿಸಿದವಳಲ್ಲ. ಸೊಸೆಗೆ ಶಾಲೆಯ ಕೆಲಸ. ಈ ವರ್ಷ ಒಂದು ಕಾಯಿ ಒಡೆದು ಬಂದರಾಯಿತು ಎಂದಳು. ಹೆಂಡತಿ ವಾದಿಸಲಿಲ್ಲ. ಪದ್ಧತಿ ತನ್ನ ಕೈಯೊಂದಿಗೇ ಮುಗಿಯಿತೆಂದು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದಳು. ಒಮ್ಮೆ ಬಿಟ್ಟದ್ದನ್ನು ನಮ್ಮ ಮನೆಯಲ್ಲಿ ಮತ್ತೆ ಹಿಡಿದವರಿಲ್ಲ. ಅವಳಿಗೂ ಅದು ಗೊತ್ತಿತ್ತು.

ಮೈಸೂರಿನ ಕಾಲೇಜಿನಿಂದ ಪರೀಕ್ಷೆ ಮುಗಿಸಿ ಮೊಮ್ಮಗಳು ಬಂದದ್ದು ಆ ವಾರವೇ. ಅವಳ ಹಿಂದೆಯೇ ಶಾಲೆಯ ದಿನಗಳ ಗೆಳತಿಯರಿಬ್ಬರು ಬಂದರು. ಒಬ್ಬಳು ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ವ್ಯಾಪಾರಿಯ ಮಗಳು, ಹುಬ್ಬಳ್ಳಿಯಲ್ಲಿ ಓದುವವಳು. ಇನ್ನೊಬ್ಬಳು ಕೋಟೆಯ ಕಡೆಯವಳು, ಮನೆಯಲ್ಲಿ ದಖನಿ ಮಾತಾಡುವವಳು, ಬೀದರಿನಲ್ಲಿ ಔಷಧಶಾಸ್ತ್ರ ಕಲಿಯುತ್ತಿದ್ದಳು. ರಜೆಯ ಮೊದಲ ದಿನಗಳಲ್ಲಿ ಅವರು ಮಲಗಿದ್ದು ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಜ್ಜಿ ಗೋಡೆಯ ಕಡೆ ಹೊರಳಿದ್ದನ್ನು ಮೊಮ್ಮಗಳು ಕಂಡ ದಿನವೇ ಮೂವರೂ ಅಡಿಗೆಮನೆಗೆ ಇಳಿದರು. ನಾನು ಸಹಾಯಕ್ಕೆ ಹೋದಾಗ ಕೋಟೆಯ ಹುಡುಗಿ, “ಮುತ್ಯಾ, ನೀವು ಕಟ್ಟಿ ಮ್ಯಾಲೆ ಕೂತು ಅವರೀಕಾಯಿ ಸುಲೀರಿ. ಒಳಗ ಬಂದ್ರ ಭಾಷಣ ಶುರು ಮಾಡ್ತೀರಿ,” ಎಂದಳು. ಆರೋಪದಲ್ಲಿ ಸತ್ಯವಿದ್ದುದರಿಂದ ಸುಮ್ಮನೆ ಸುಲಿದೆ.

ನಮ್ಮ ದೊಡ್ಡ ಪಾತ್ರೆಯ ತಳ ಸೋರುತ್ತಿತ್ತು. ಬಟ್ಟೆ ವ್ಯಾಪಾರಿಯ ಮಗಳು ತಂದೆಯ ಅಂಗಡಿಯ ಪಕ್ಕದ ಖಾನಾವಳಿಯಿಂದ ಒಂದು ಪಾತ್ರೆ ಕೇಳಿ ಆಟೋದಲ್ಲಿ ತಂದಳು. ಅದರ ಹೊಟ್ಟೆಯ ಮೇಲೆ ಖಾನಾವಳಿಯ ಹೆಸರು ದೊಡ್ಡದಾಗಿ ಕೊರೆದಿತ್ತು. ಓಣಿ ಓದಿದ್ದು ಅದನ್ನೇ. ಒಳಗೇನು ಬೇಯುತ್ತಿದೆ, ಬೇಯಿಸುವವರು ಯಾರು ಎಂದು ಬಾಗಿ ನೋಡಿದವರಿಲ್ಲ.

ಹೆಂಡತಿ ಒಂದೇ ಮಾತು ಹೇಳಿದ್ದಳು: ಚರಗ ಚೆಲ್ಲುವ ತನಕ ಅಡಿಗೆ ಯಾರ ನಾಲಿಗೆಗೂ ತಾಗಬಾರದು. ಮೂವರೂ ತಲೆಯಾಡಿಸಿದ್ದರು.

ಅಮಾವಾಸ್ಯೆಯ ದಿನ ಹೆಂಡತಿಯನ್ನೂ ಕರೆದುಕೊಂಡು ಹೊಲಕ್ಕೆ ಹೋದೆವು. ಜೋಳ ಎದೆಮಟ್ಟ ಬೆಳೆದಿತ್ತು, ಬದುವಿನ ಆಚೆ ಪಕ್ಕದವರ ಕೆಂಬಾಳೆ ತೋಟ. ಮೊಮ್ಮಗಳು ಮುಂದೆ ಚರಗ ಚೆಲ್ಲುತ್ತ ನಡೆದಳು. ಗೆಳತಿಯರು ಹಿಂದೆ ನೀರು ಚಿಮುಕಿಸುತ್ತ, ಅಜ್ಜಿ ಹೇಳಿಕೊಟ್ಟಂತೆ ಕೂಗು ಹಾಕುತ್ತ ಹೋದರು. ಬಾಳೆತೋಟದ ಮುದುಕಿ ಪ್ರತಿವರ್ಷದಂತೆ ತನ್ನ ಬುತ್ತಿ ಹಿಡಿದು ಬದು ದಾಟಿ ಬಂದು ನಮ್ಮ ಪಂಕ್ತಿಯಲ್ಲಿ ಕುಳಿತಳು.

ಮೊದಲ ತುತ್ತಿಗೇ ಮುದುಕಿ ನೀರಿನ ತಂಬಿಗೆಗೆ ಕೈಚಾಚಿದಳು. ಮೊಮ್ಮಗಳ ಮುಖ ಇಳಿಯಿತು. ನನ್ನ ಹೆಂಡತಿ ಎಡಗೈಯಿಂದಲೇ ಇನ್ನೊಂದು ತುತ್ತು ತಿಂದು, ನಿಧಾನವಾಗಿ ಕೇಳಿದಳು:

“ಉಪ್ಪು ಯಾರು ಹಾಕೀರಿ?”

“ನಾ ಹಾಕೀನಿ, ಆಯಿ. ಕಾಳು ಬೇಯೋ ಮುಂದ,” ಎಂದಳು ಮೊಮ್ಮಗಳು.

ಬಟ್ಟೆ ವ್ಯಾಪಾರಿಯ ಮಗಳು ಅವಳ ಕಡೆ ತಿರುಗಿದಳು. “ಹಾಕೀದಿ? ನಾ ಸೊಪ್ಪಿನ ಪಲ್ಯ ಹಾಕೋ ಮುಂದ ಹಾಕಿದ್ನಲ್ಲ.”

ಕೋಟೆಯ ಹುಡುಗಿ ತಟ್ಟೆಯಿಂದ ತಲೆ ಎತ್ತಲಿಲ್ಲ. “ಇಳಿಸೋ ಮುಂದ ನಾನೂ ಹಾಕೀನಿ. ಇವರಿಬ್ಬರೂ ಮರತಾರ ಅಂದಕೊಂಡೆ.”

ಹೆಂಡತಿ ಮೂವರನ್ನೂ ನೋಡಿದಳು. “ಮೂರು ಮಂದಿ ಉಪ್ಪು ಹಾಕೀರಿ, ಒಬ್ಬಾಕಿನೂ ರುಚಿ ನೋಡಿಲ್ಲ. ನಾನೂ ಮೊದಲನೇ ವರ್ಷ ಹಿಂಗೇ ಮಾಡಿದ್ದೆ. ಮುಂದಿನ ವರ್ಷ ಉಪ್ಪು ಒಬ್ಬಾಕೀನೇ ಹಾಕ್ರಿ. ಯಾರಂತ ಈಗೇ ಠರಾಯಿಸಿ ಇಡ್ರಿ.”

ಮುಂದಿನ ವರ್ಷ ಎಂದಳು. ಅದನ್ನು ಗಮನಿಸಿದವನು ನಾನೊಬ್ಬನೇ ಇರಬೇಕು. ಹುಡುಗಿಯರು ಆಗಲೇ ಜಗಳಕ್ಕೆ ಬಿದ್ದಿದ್ದರು. ಜಗಳವಾಡುತ್ತಲೇ ಹಸಿ ತೊಗರಿ, ಕಡಲೆ ಕಿತ್ತು ಸುಲಿದು, ಕಲ್ಲಿನ ಒಲೆ ಹೂಡಿ, ಉಪ್ಪಿಲ್ಲದೆ ಬೇಯಿಸಿ ಭಜ್ಜಿಯಲ್ಲಿ ಕೂಡಿಸಿದರು. ಹೊಗೆಗೆ ಕಣ್ಣು ಕೆಂಪಾದರೂ ಒಬ್ಬರೂ ಎದ್ದು ಹೋಗಲಿಲ್ಲ. ಓದಿನಲ್ಲಿ ಇವರೆಷ್ಟು ಜಾಣೆಯರೋ ನನಗೆ ತಿಳಿಯದು. ಯಾರೂ ಕಾಯದ ಅಡಿಗೆಮನೆಯಲ್ಲಿ, ಒಂದು ಹನಿ ನಾಲಿಗೆಗೆ ಇಟ್ಟಿದ್ದರೆ ಉಳಿಯುತ್ತಿದ್ದ ಮರ್ಯಾದೆಯನ್ನು ಬಿಟ್ಟು, ಕೊಟ್ಟ ಮಾತನ್ನು ಉಳಿಸಿಕೊಂಡರು. ಅವರಲ್ಲೊಬ್ಬಳಿಗೆ ಅದು ಮನೆಯ ಪದ್ಧತಿಯೂ ಆಗಿರಲಿಲ್ಲ.

ಸಂಜೆ ಓಣಿಗೆ ಹಂಚಿದ್ದು ಸರಿಮಾಡಿದ ಭಜ್ಜಿ. ಅದು ನಿಜಕ್ಕೂ ರುಚಿಯಾಗಿತ್ತು. ಪಾತ್ರೆಯ ಮೇಲೆ ಹೆಸರಿತ್ತು. ಅಷ್ಟರಿಂದ ಕಥೆ ಹುಟ್ಟಿತು. ಆದರೆ ಯಾವ ಖಾನಾವಳಿಯವನಾದರೂ ಮಧ್ಯಾಹ್ನ ನಾವು ಮೊದಲು ಉಂಡಂತಹ ಭಜ್ಜಿ ಬಡಿಸಿದ್ದರೆ ಮರುದಿನ ಬಾಗಿಲು ತೆರೆಯುತ್ತಿದ್ದನೆ?

ನನ್ನ ಮಾತನ್ನೂ ನಂಬಬೇಕಿಲ್ಲ; ನಾನು ಮನೆಯವನು. ಬಾಳೆತೋಟದ ಮುದುಕಿ ಇನ್ನೂ ಗಟ್ಟಿಯಾಗಿದ್ದಾಳೆ. ಕಮಲಾಪುರದಲ್ಲಿ ಇಳಿದು ಅವಳ ತೋಟ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಬೆಳಗಿನ ಬಿಸಿಲಿಗೆ ಬಾಗಿಲ ಮುಂದೆ ಕುಳಿತಿರುತ್ತಾಳೆ. ಆ ವರ್ಷದ ಭಜ್ಜಿ ಹೇಗಿತ್ತು ಎಂದಷ್ಟೇ ಕೇಳಿರಿ.