ಸೋಮವಾರದ ಸೀಗಡಿ ಮ್ಯಾಕರೋನಿ

ಗೆಳೆಯರೇ, ಇವತ್ತು ನಮ್ಮ ಮನೆಯಲ್ಲಿ ಸೀಗಡಿ ಹಾಕಿದ ಚೀಸ್ ಮ್ಯಾಕರೋನಿ. ಗಬ್ಬೂರಿನಿಂದ ಬಂದ ಬಸುರಿ ಮಗಳು ಅದನ್ನು ಫೋನಿನಲ್ಲಿ ನೋಡಿ ಆಸೆಪಟ್ಟಳು. ಬಯಕೆಯ ಅಡುಗೆ ತವರಿನಲ್ಲಿ ಅವ್ವನೇ ಮಾಡಬೇಕು. ನಮ್ಮಾಕೆ ಈಗಿಲ್ಲ, ಹಾಗಾಗಿ ಸೌಟು ನನ್ನ ಕೈಗೆ ಬಂತು.

ಕಾಲೇಜಿನ ಇಂಗ್ಲಿಷ್ ಅಷ್ಟಿಷ್ಟು ನೆನಪಿಸಿಕೊಂಡು ರೆಸಿಪಿ ಓದಿದೆ. 'ಸ್ಟರ್ ಕಂಟಿನ್ಯುಯಸ್ಲಿ' ಅರ್ಥವಾಯಿತು. ಹಾಲು, ಮೈದಾ ಗಂಟಾಗದಂತೆ ತಿರುವಿದೆ. 'ಪ್ರೀಹೀಟ್ ದಿ ಓವನ್' ಕೂಡ ಅರ್ಥವಾಯಿತು, ಆದರೆ ಓವನ್ ಎಲ್ಲಿಂದ ತರಲಿ? ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ ತೆಗೆದು, ಒಳಗೆ ಮ್ಯಾಕರೋನಿ, ಸೀಗಡಿ, ಚೀಸ್ ಬೆರೆಸಿದ ಡಬ್ಬಿ ಇಟ್ಟೆ. ಬ್ರೆಡ್ ಪುಡಿಯ ಬದಲು ಜೋಳದ ಕಟಕ ರೊಟ್ಟಿ ಪುಡಿ ಮಾಡಿ ಮೇಲೆ ಉದುರಿಸಿದೆ.

ಅಷ್ಟರಲ್ಲಿ ಮಾನ್ವಿಯಿಂದ ಅಕ್ಕ ಬಂದಳು. "ಸೋಮವಾರ ದಿನ ಮನ್ಯಾಗ ಸೀಗಡಿ ಬೇಯಿಸಾಕತ್ತೀಯಲ್ಲೋ, ನಿನಗ ಬುದ್ಧಿ ಅದನಾ?"

"ಬಸುರಿ ಬಾಯಿಗಿ ವಾರ ಗೊತ್ತಾಗ್ತದೇನು, ಅಕ್ಕಾ?"

ಅಕ್ಕ ಬೈಯುತ್ತಲೇ ಇದ್ದಳು. ಮಗಳು ಬಿಸಿ ತುತ್ತು ಊದಿ ಊದಿ ತಿಂದು, "ಯಪ್ಪಾ, ಅವ್ವ ಇದ್ದಿದ್ರ ಮದ್ಲು ಹಿಂಗ ಬೈತಿದ್ಲು, ಆಮ್ಯಾಲೆ ಹಿಂಗ ಮಾಡಿ ಹಾಕ್ತಿದ್ಲು" ಎಂದಳು.

ಅಕ್ಕನ ಬೈಗುಳ ಅಲ್ಲಿಗೇ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಅವಳೇ ಮಗಳಿಗೆ ಇನ್ನೊಂದು ಸೌಟು ಬಡಿಸಿದಳು. ಆಮೇಲೆ ತನ್ನ ತಟ್ಟೆಯನ್ನೂ ಮುಂದೆ ಮಾಡಿದಳು. "ಮ್ಯಾಲಿನ ರೊಟ್ಟಿ ಪುಡಿ ಅಷ್ಟ ಹಾಕು. ರೊಟ್ಟಿಗಿ ಯಾವ ವಾರ?"

ಹಾಕಿದೆ. ಅದಕ್ಕೆ ಅಂಟಿಕೊಂಡು ಒಂದು ಸೀಗಡಿಯೂ ಹೋಯಿತು. ಅಕ್ಕ ನೋಡಿದಳು, ಶಿವನೂ ನೋಡಿರಬೇಕು. ಇಬ್ಬರೂ ಏನೂ ಅನ್ನಲಿಲ್ಲ.